ಉಪ್ಸಾಲಾದ ಬಾಲ್ಕನಿ, ಕೊಟ್ಟೂರಿನ ಬೇವಿನಮರ

ಕೊಟ್ಟೂರು ಬಸ್ ನಿಲ್ದಾಣ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆ, ಸೇತುವೆ, ಅರಮನೆಗಳ ಬಗ್ಗೆ ಬರೆಯುತ್ತಾರೆ. ನನಗೆ ಅವು ಅಷ್ಟಾಗಿ ನೆನಪಿಲ್ಲ. ಸ್ವೀಡನ್ ದೇಶದಲ್ಲಿ ಒಂದು ಚಳಿಗಾಲದ ಕೊನೆಯನ್ನೂ ಒಂದು ವಸಂತವನ್ನೂ ಕಳೆದು ಬಂದ ನಾನು ಅಲ್ಲಿ ಹೆಚ್ಚಾಗಿ ನೋಡಿದ್ದು ಕೂಸುಗಳನ್ನು, ಆ ಕೂಸುಗಳನ್ನು ಎತ್ತಿಕೊಂಡ ಗಂಡಸರನ್ನು. ಹೊಸ ಶತಮಾನ ಶುರುವಾಗಿ ಆಗ ಎರಡೋ ಮೂರೋ ವರ್ಷವಾಗಿತ್ತು. ನಾನು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ಕೊಟ್ಟೂರಿನ ಬಜಾರಿನಲ್ಲಿ ನಮ್ಮಪ್ಪ ಹಾಕಿದ್ದ ಹಗ್ಗ, ಮಿಣಿ, ಕುಂಟೆ, ಕುಡ ಮೊದಲಾದ ಒಕ್ಕಲುತನದ ಸಾಮಾನಿನ ಅಂಗಡಿಯಲ್ಲಿ ಕೂತವನು. ತಪ್ಪು ಕಂಡರೆ ಓದುವವರು ತಿದ್ದಿಕೊಳ್ಳಬೇಕು.

ನನ್ನ ಪ್ರವಾಸ ವಿಮಾನದಲ್ಲಿ ಶುರುವಾಗಲಿಲ್ಲ, ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಶುರುವಾಯಿತು. ನಾನೂ ನನ್ನ ಹೆಂಡತಿ ಗಂಗಮ್ಮನೂ ಹರಪನಹಳ್ಳಿ ಮೇಲೆ ಹರಿಹರಕ್ಕೆ ಹೋಗುವ ಬಸ್ಸು ಹತ್ತಿ ಕೂತಿದ್ದೆವು. ಕಿಟಕಿಯ ಕೆಳಗೆ ಮಗ ಶಿವು, ಅವನ ಎರಡು ವರ್ಷದ ಮಗಳು ದಾಕ್ಷಿ. ಸೊಸೆ ನಮಗಾಗಿ ನೀರಿನ ಬಾಟಲಿ ತರಲು ಹೋಗಿದ್ದಳು. ಬಸ್ಸಿನ ಹಾರ್ನಿಗೆ ಬೆಚ್ಚಿ ಓಡಿದ ದಾಕ್ಷಿ ಕಟ್ಟೆಯ ಅಂಚಿಗೆ ಎಡವಿ ಮುಗ್ಗರಿಸಿ ಬಿತ್ತು. ತುಟಿ ಒಡೆಯಿತು. ಕೂಸು ಬಾಯಿ ತೆರೆದು ಅಳುತ್ತಿತ್ತು.

ಶಿವು ಎರಡು ಹೆಜ್ಜೆ ಮುಂದೆ ಹೋದವನು ಅಲ್ಲಿಯೇ ನಿಂತ. ತಲೆಯೆತ್ತಿ ಕಿಟಕಿಯಲ್ಲಿದ್ದ ನನ್ನನ್ನು ನೋಡಿದ. ಕೈಗಳು ಕೆಳಗೇ ಇದ್ದವು. ಬಾಳೆಹಣ್ಣು ಮಾರುವಾಕೆ ಬುಟ್ಟಿ ಬಿಟ್ಟು ಓಡಿ ಬಂದು ದಾಕ್ಷಿಯನ್ನು ಎತ್ತಿಕೊಂಡಳು. "ಯಾರದ್ರೀ ಈ ಕೂಸು? ಹೆತ್ತವರು ಯಾರೂ ಇಲ್ಲೇನು?" ಎಂದು ಸುತ್ತಲೂ ನೋಡಿ ಕೇಳಿದಳು. ಶಿವು ನೆಲ ನೋಡಿದ.

ಇದನ್ನು ಬೇರೆ ಸೀಮೆಯವರಿಗೆ ಬಿಡಿಸಿ ಹೇಳಬೇಕು. ನಮ್ಮಂಥ ಹಳೆಯ ಮನೆತನಗಳಲ್ಲಿ ಗಂಡಸು ತನ್ನ ತಂದೆಯ ಎದುರಿಗೆ ತನ್ನ ಕೂಸನ್ನು ಎತ್ತಿಕೊಳ್ಳುವುದಿಲ್ಲ, ಮುದ್ದಿಸುವುದಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಅದು ಹಿರಿಯರ ಮುಂದೆ ಹೆಂಡತಿಯ ಕೈ ಹಿಡಿದಷ್ಟೇ ನಾಚಿಕೆಗೇಡು. ಅಜ್ಜ ಎತ್ತಿಕೊಳ್ಳಬಹುದು, ಚಿಕ್ಕಪ್ಪ ಎತ್ತಿಕೊಳ್ಳಬಹುದು, ಆಳು ಎತ್ತಿಕೊಳ್ಳಬಹುದು. ಅಪ್ಪ ಮಾತ್ರ ಕೂಡದು. ಹಾಗಾಗಿ ನನ್ನ ಮಕ್ಕಳು ನನ್ನನ್ನು ಅಪ್ಪ ಎಂದು ಕರೆದವರಲ್ಲ. ನನ್ನ ತಮ್ಮಂದಿರನ್ನು ನೋಡಿ ಅಣ್ಣ ಎಂದು ಕಲಿತರು, ಈಗಲೂ ಅಣ್ಣ ಎಂದೇ ಅನ್ನುತ್ತಾರೆ. ದಾಕ್ಷಿಯೂ ಹಾಗೆಯೇ, ನಾವು ಕರೆಯುವುದನ್ನು ಕೇಳಿ ಹೆತ್ತಪ್ಪನನ್ನು ಶಿವು ಅನ್ನುತ್ತಿತ್ತು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಆ ಕೂಸು ಅವನ ಹತ್ತಿರ ಹೋಗುತ್ತಿರಲಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಅವನು ಅಂಗಡಿಯಿಂದ ಬಂದರೆ ಅದು ಆಟ ನಿಲ್ಲಿಸಿ ಗೋಡೆಗೆ ಆತು ನಿಲ್ಲುತ್ತಿತ್ತು.

ಬಸ್ಸು ಹೊರಟಾಗ ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೂಸಿನ ತುಟಿಯಾಗ ರಕ್ತ ಬಂತು ನೋಡ್ರಿ" ಎಂದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಮನಸ್ಸಿನಲ್ಲಿ ಏನಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಮಗ ಮರ್ಯಾದೆ ತಿಳಿದವನು ಎಂದು ಹಿಗ್ಗಿದ್ದೆ.

ಬಜೆಬೇರು

ನಾವು ಹೊರಟದ್ದು ಮಗಳು ಸುಮಾಳ ಬಾಣಂತನಕ್ಕೆ. ಅಳಿಯ ವೀರೇಶ ಹಡಗಲಿ ತಾಲ್ಲೂಕಿನ ಇಟ್ಟಿಗಿಯವನು, ಒಕ್ಕಲುತನದ ಮನೆಯ ಹುಡುಗ. ಕೃಷಿ ಓದಿ, ಬೀಜಗಳ ರೋಗದ ಮೇಲೆ ಸಂಶೋಧನೆ ಮಾಡಲು ಉಪ್ಸಾಲಾ ಎಂಬ ಊರಿಗೆ ಹೋಗಿದ್ದ. ಹೆರಿಗೆಗೆ ತವರಿಗೆ ಬರಬೇಕಾದವಳು, ವೈದ್ಯರು ಪ್ರಯಾಣ ಬೇಡವೆಂದರು ಎಂದು ಅಲ್ಲಿಯೇ ಉಳಿದಳು. ತವರು ಅವಳಿದ್ದಲ್ಲಿಗೆ ಹೋಗಬೇಕಾಯಿತು.

ಗಂಗಮ್ಮ ಒಂದು ತವರನ್ನೇ ಕಟ್ಟಿಕೊಂಡು ಬಂದಿದ್ದಳು. ಬಾಣಂತಿಗೆ ಅಂಟಿನುಂಡಿ, ಕೊಬ್ಬರಿ, ಅಳವಿ ಕಾಳು, ಶೇಂಗಾ ಚಟ್ನಿಪುಡಿ, ಕೂಸಿಗೆ ಹೊಲಿದ ಕುಲಾವಿಗಳು, ಜೊತೆಗೆ ಒಂದು ಹಿಡಿ ಬಜೆಬೇರು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ಹೆಣ್ಣು ಅಧಿಕಾರಿ ಆ ಬೇರನ್ನು ಎತ್ತಿ ಹಿಡಿದು ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಇಂಗ್ಲಿಷು ಬಜೆಯವರೆಗೆ ಹೋಗುವುದಿಲ್ಲ. ಗಂಗಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ತೋಳಿನಲ್ಲಿ ಕೂಸಿರುವಂತೆ ಮಾಡಿ, ಹೊಟ್ಟೆ ಹಿಡಿದು ಅಳುವಂತೆ ಮುಖ ಮಾಡಿ, ಬೇರನ್ನು ತೇಯುವಂತೆ ಅಂಗೈ ಮೇಲೆ ಬೆರಳು ತಿರುವಿ, ಕೂಸಿನ ಬಾಯಿಗೆ ಸವರಿ, ಕೊನೆಗೆ ನಗುಮುಖ ಮಾಡಿದಳು. ಅಧಿಕಾರಿಣಿ ಕೈಮೇಲೆ ಕೈಯಿಟ್ಟು ನೋಡಿದಳು. ಬೇರನ್ನು ತೆಗೆದಿಟ್ಟುಕೊಂಡಳು, ಉಳಿದದ್ದನ್ನು ಬಿಟ್ಟಳು.

"ಇಟ್ಕೊಳ್ಳಲಿ ಬಿಡ್ರಿ," ಎಂದಳು ಗಂಗಮ್ಮ. "ಆಕಿಗೂ ಒಂದು ಸಣ್ಣ ಕೂಸು ಐತಿ ಅನಸ್ತೈತಿ."

ಹೊರಗೆ ಹಿಮ. ಧೋತರದ ಒಳಗೆ ಉಣ್ಣೆಯ ಚಡ್ಡಿ ಹಾಕಿಕೊಂಡಿದ್ದೆ, ಆದರೆ ಕಾಲಲ್ಲಿ ಹರಪನಹಳ್ಳಿಯಲ್ಲಿ ಕೊಂಡ ಕ್ಯಾನ್ವಾಸ್ ಬೂಟು. ಬಾಗಿಲು ದಾಟಿ ಎರಡನೆಯ ಹೆಜ್ಜೆಗೇ ಜಾರಿ ಕೂತೆ. ಎತ್ತಲು ಬಂದವನು ಅಳಿಯ. ಅವನ ಎದೆಗೆ ಒಂದು ಬಟ್ಟೆಯ ಚೀಲ ಕಟ್ಟಿತ್ತು. ಬಗ್ಗಿದಾಗ ಅದರೊಳಗಿಂದ ಕೆಂಪು ಟೋಪಿಯ ಪುಟ್ಟ ತಲೆ ನನ್ನ ಮೂಗಿನ ಹತ್ತಿರ ಬಂತು. ನಾವು ವಿಮಾನ ಹತ್ತುವ ಹೊತ್ತಿಗೇ ಹೆರಿಗೆಯಾಗಿ ವಾರ ಕಳೆದಿತ್ತು, ನನ್ನ ಮೊಮ್ಮಗನನ್ನು ನಾನು ಮೊದಲು ಕಂಡದ್ದು ಹಿಮದ ಮೇಲೆ ಕೂತು.

ಕೂಸು ಕಂಡ ಸಂತೋಷಕ್ಕಿಂತ ಮೊದಲು ನನಗೆ ಆದದ್ದು ಮುಜುಗರ. ಮಾವನ ಎದುರಿಗೆ ಅಳಿಯ ಹೀಗೆ ಕೂಸನ್ನು ಎದೆಗೆ ಕಟ್ಟಿಕೊಂಡು ಬರುವುದೇ ಎಂದು ಬೇರೆ ಕಡೆ ನೋಡಿದೆ.

ಬಾಲ್ಕನಿ

ಅಲ್ಲಿ ಗಂಡಸರಿಗೂ ಬಾಣಂತನದ ರಜೆ ಉಂಟು. ಸಂಬಳದ ಬಹುಪಾಲು ಬರುತ್ತಲೇ ಇರುತ್ತದೆ, ಕೆಲಸವೂ ಹೋಗುವುದಿಲ್ಲ. ವೀರೇಶ ಮನೆಯಲ್ಲೇ ಇದ್ದ. ಕೂಸಿನ ಬಟ್ಟೆ ಬದಲಿಸುವವನು ಅವನು, ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವವನು ಅವನು. ಬರೀ ಮೈಯಲ್ಲಿ ಮಲಗಿ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಸೀಮೆಯ ಸುದ್ದಿಯನ್ನೆಲ್ಲ ಹೇಳುವನು. "ನೋಡಪಾ, ನಿಮ್ಮ ಅಮ್ಮನ ತವರು ಕೊಟ್ಟೂರು. ಅಲ್ಲಿ ಮಂಡಕ್ಕಿ ಮಿರ್ಚಿ ಭಾಳ ಚಲೋ. ನಿನಗ ಹಲ್ಲು ಬಂದ ಮ್ಯಾಲೆ ಹೋಗೂಣು."

ಅವನು ಕೂಸನ್ನು ಎತ್ತಿಕೊಂಡ ಕೂಡಲೇ ನಾನು ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. ನಮ್ಮಲ್ಲಿ ತಿಳಿದ ಹಿರಿಯರು ಮಾಡುವುದು ಅದನ್ನೇ. ಮಗನೋ ಅಳಿಯನೋ ಕೂಸಿನ ಹತ್ತಿರ ಹೋಗಬೇಕೆಂದರೆ ಕೆಮ್ಮಿ ಎದ್ದು ಹೊರಗೆ ನಡೆಯಬೇಕು, ಅವನಿಗೆ ಸಂಕೋಚವಾಗದ ಹಾಗೆ. ಅಂಗಳವಿದ್ದರೆ ಇದು ಸುಲಭ. ಅಲ್ಲಿ ನಾಲ್ಕನೆಯ ಮಹಡಿಯಲ್ಲಿ ಅಂಗಳವೆಂದರೆ ಆ ಬಾಲ್ಕನಿ ಒಂದೇ. ಕಂಬಿಯ ಮೇಲೆ ಹಿಮ ಕೂತಿರುತ್ತಿತ್ತು. ಮಂಕಿಕ್ಯಾಪ್ ಹಾಕಿಕೊಂಡು, ಶಾಲು ಹೊದ್ದು, ಹಲ್ಲು ಕಟಕಟಿಸುತ್ತ ಒಳಗಿನ ಮಾತು ನಿಲ್ಲುವುದನ್ನು ಕಾಯುತ್ತಿದ್ದೆ. ಅಳಿಯನೋ ದಿನಕ್ಕೆ ಎಷ್ಟು ಸಲ ಎತ್ತಿಕೊಳ್ಳುವನೋ ಲೆಕ್ಕವಿಲ್ಲ.

ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಒಂದು ಕುರ್ಚಿ, ಕುರ್ಚಿಯ ಪಕ್ಕದಲ್ಲಿ ಒಂದು ಗಾಜಿನ ಬಟ್ಟಲು ಇದ್ದವು. ವೀರೇಶ ಹಿಂದೆಯೇ ಬಂದು ಮೆಲ್ಲಗೆ ಹೇಳಿದ.

"ಮಾವಾರ, ನಾನೇನೂ ತಪ್ಪು ತಿಳ್ಕೊಳ್ಳಂಗಿಲ್ರಿ. ನಮ್ಮಪ್ಪನೂ ಸೇದ್ತಾನ. ಬೂದಿ ಅದರಾಗ ಹಾಕ್ರಿ, ಬಾಗ್ಲು ಅಷ್ಟು ಮುಚ್ಕೊಳ್ರಿ. ಕೂಸಿಗೆ ಹೊಗಿ ಆಗಬಾರ್ದು ನೋಡ್ರಿ."

ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ ನಾನು. ಒಳಗಿದ್ದ ಗಂಗಮ್ಮ ಉಂಡಿಯ ಡಬ್ಬಿ ಕೆಳಗಿಟ್ಟು ನಗಲು ಶುರುಮಾಡಿದವಳು ಗೋಡೆ ಹಿಡಿದು ಕೂತಳು.

"ಬೀಡಿ ಅಲ್ಲಪಾ ಅದು, ಮರ್ಯಾದಿ. ನಿನಗ ಮರ್ಯಾದಿ ಕೊಡಾಕ ಅವರು ಚಳಿಯಾಗ ಸಾಯಾಕ ಹತ್ಯಾರ. ನೀ ಕೂಸು ಎತ್ಕೊಂಡ್ರ ಅವರು ಹೊರಗ ಹೋಗಬೇಕಲ್ಲ?"

ಇಟ್ಟಿಗಿಯವನಿಗೆ ಇದು ತಿಳಿಯದ್ದೇನಲ್ಲ, ಮರೆತಿದ್ದ. ಅವನು ನಗಲಿಲ್ಲ. ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿ, "ಊರಾಗ ಇದ್ದಿದ್ರ ನಾನೂ ಎತ್ಕೊಳ್ತಿದ್ದಿಲ್ಲೇನೋ ಮಾವಾರ. ಇಲ್ಲಿ ನಾನು ಎತ್ಕೊಳ್ಳದಿದ್ರ ಮತ್ಯಾರು ಎತ್ಕೊಳ್ಳೋರು? ಎತ್ಕೊಂಡ ಮ್ಯಾಲೆ ರುಚಿ ಹತ್ತಿತು ನೋಡ್ರಿ," ಎಂದ.

ಆಮೇಲೆ ನಾನು ಒಳಗೇ ಕೂರತೊಡಗಿದೆ. ಮೊದಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತಿದ್ದೆ.

ಹೋಟೆಲಿನ ಮುಂದಿನ ತೊಟ್ಟಿಲು

ಅವರ ಪದ್ಧತಿಗಳೆಲ್ಲ ಒಂದೇ ಸಲ ನನಗೆ ಹಿಡಿಸಿದವು ಎಂದರೆ ಸುಳ್ಳಾದೀತು. ಒಂದು ಮಧ್ಯಾಹ್ನ ವೀರೇಶ ಔಷಧಿಯಂಗಡಿಗೆ ಹೋದಾಗ ನಾನು ರಸ್ತೆಯಲ್ಲಿ ನಿಂತಿದ್ದೆ. ಪಕ್ಕದಲ್ಲೊಂದು ಕಾಫಿ ಹೋಟೆಲು. ಅದರ ಮುಂದೆ, ಬಯಲಿನಲ್ಲಿ, ಗಾಲಿಯ ತೊಟ್ಟಿಲೊಂದರಲ್ಲಿ ಕೂಸು ಮಲಗಿತ್ತು. ಸುತ್ತ ಯಾರೂ ಇಲ್ಲ. ಗಾಳಿ ಬೀಸಿದರೆ ಕಿವಿ ಹರಿದು ಹೋಗುವ ಚಳಿ. ಕೂಸಿನ ಗಲ್ಲ ಎರಡೂ ಕೆಂಪು.

ಯಾರೋ ಬಿಟ್ಟು ಹೋಗಿದ್ದಾರೆ ಎಂದುಕೊಂಡೆ. ಶಾಲು ತೆಗೆದು ತೊಟ್ಟಿಲಿನ ಮೇಲೆ ಹೊದಿಸಿ, ಎರಡೂ ಕೈಯಿಂದ ತೊಟ್ಟಿಲಿನ ಹಿಡಿಕೆ ಹಿಡಿದುಕೊಂಡು ಹೋಗಿಬರುವವರನ್ನು ಕನ್ನಡದಲ್ಲಿ ಕೂಗಿ ಕರೆದೆ. ಧೋತರದ ಮುದುಕ ಒಬ್ಬ ತೊಟ್ಟಿಲು ಹಿಡಿದು ಕೂಗುತ್ತಿದ್ದರೆ ನಮ್ಮ ಕೂಡ್ಲಿಗಿಯಲ್ಲಾದರೆ ನಾಲ್ಕು ಜನ ಸೇರಿ ಮೊದಲು ಅವನಿಗೆ ಎರಡು ಬಿಡುತ್ತಿದ್ದರು. ಅಲ್ಲಿ ಒಬ್ಬ ಎತ್ತರದ ಯುವಕ ಹೋಟೆಲಿನಿಂದ ಕಾಫಿ ಬಟ್ಟಲು ಹಿಡಿದೇ ಹೊರಗೆ ಬಂದ. ಕಿಟಕಿಯ ಗಾಜಿನ ಪಕ್ಕದಲ್ಲೇ ಕೂತು ಕೂಸನ್ನೇ ನೋಡುತ್ತಿದ್ದನಂತೆ. ಶಾಲಿಲ್ಲದೆ ನಿಂತ ನನ್ನನ್ನು ಕಂಡು, ತನ್ನ ಬಟ್ಟಲನ್ನು ನನ್ನ ಕೈಗೆ ಕೊಟ್ಟ. ಅಷ್ಟರಲ್ಲಿ ವೀರೇಶ ಬಂದು ಇಬ್ಬರ ನಡುವೆ ಮಾತು ಮಾಡಿಸಿದ.

ತಂಪುಗಾಳಿಯಲ್ಲಿ ಮಲಗಿದ ಕೂಸು ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ ಎಂಬುದು ಅವರ ನಂಬಿಕೆ. ಒಳಗೆ ಉಣ್ಣೆಯ ಚೀಲ, ಕೆಳಗೆ ಕುರಿಯ ಚರ್ಮ, ಬೆಚ್ಚಗಿರುತ್ತದೆ. ಆ ಯುವಕ ತೊಟ್ಟಿಲಿನೊಳಗೆ ನನ್ನ ಕೈ ಇಡಿಸಿ ತೋರಿಸಿದ. ನಿಜವಾಗಿಯೂ ಬೆಚ್ಚಗಿತ್ತು. ಕಿವಿಗೆ ಹತ್ತಿಯಿಟ್ಟು, ಕುಲಾವಿ ಕಟ್ಟಿ, ಲೋಬಾನದ ಹೊಗೆ ಹಾಕಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸು ಬೆಳೆಸಿದ ನನಗೆ ಇದು ಅರ್ಥವಾಗಲಿಲ್ಲ, ಈಗಲೂ ಪೂರಾ ಒಪ್ಪುವುದಿಲ್ಲ. ಆದರೆ ಆ ಯುವಕ ಮಾಡಿದ್ದೊಂದು ನನ್ನ ಮನಸ್ಸಿನಲ್ಲಿ ಉಳಿಯಿತು. ಗದ್ದಲಕ್ಕೆ ಕೂಸು ಎದ್ದು ಅತ್ತಾಗ, ಕೂಡಲೇ ಅದನ್ನು ಎತ್ತಿ ಕೋಟಿನೊಳಗೆ ಸೇರಿಸಿಕೊಂಡ. ಅಲ್ಲಿ ಅವನ ಅಪ್ಪನ ವಯಸ್ಸಿನ ಗಂಡಸರು ಎಷ್ಟೋ ಜನ ಓಡಾಡುತ್ತಿದ್ದರು. ಅವನು ಯಾರ ಮುಖವನ್ನೂ ನೋಡಲಿಲ್ಲ.

ನನಗೆ ಕೊಟ್ಟೂರಿನ ಬಸ್ಸಿನ ಕಿಟಕಿ ನೆನಪಾಯಿತು. ಶಿವು ತಲೆಯೆತ್ತಿ ನೋಡಿದ್ದು ನನ್ನ ಮುಖವನ್ನು.

ನಾಲಿಗೆ ತೋರಿಸಿದ ಕೂಸು

ಕೂಸುಗಳ ತೂಕ ನೋಡುವ ಆಸ್ಪತ್ರೆ ಮನೆಯಿಂದ ದೂರವಿರಲಿಲ್ಲ. ಅಲ್ಲಿ ಒಬ್ಬ ದಾದಿ, ನಮ್ಮ ವಯಸ್ಸಿಗೆ ಹತ್ತಿರದವಳು, ಪ್ರತಿ ಸಲವೂ ನಮ್ಮನ್ನು ಕೂರಿಸಿಕೊಂಡು ಮಾತಾಡುವಳು. ಗಂಗಮ್ಮ ಕಾಲು ಚಾಚಿ ಕೂತು, ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುವುದನ್ನು ಮಾಡಿ ತೋರಿಸಿದಾಗ ಅವಳು ಬೇರೆ ಕೋಣೆಯಿಂದ ಇಬ್ಬರು ಹುಡುಗಿಯರನ್ನು ಕರೆದು ತಂದಳು. ನಮ್ಮಲ್ಲಿ ಕೂಸನ್ನು ಇಷ್ಟು ಮುಟ್ಟುವವರಿಲ್ಲ, ಇದನ್ನು ಬಿಡಬೇಡಿ ಎಂದಳಂತೆ. ಅಂದು ಗಂಗಮ್ಮ ಮನೆಗೆ ಬರುವವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

ಇನ್ನೊಂದು ಸಲ ಆ ದಾದಿ ವೀರೇಶನಿಗೆ ಕೂಸನ್ನು ಮುಖದ ಹತ್ತಿರ ಹಿಡಿದು ಮೆಲ್ಲಗೆ ನಾಲಿಗೆ ಹೊರಚಾಚಲು ಹೇಳಿದಳು. ನಾನು ನಾಚಿ ಬೇರೆ ಕಡೆ ತಿರುಗುವವನಿದ್ದೆ. ಅಷ್ಟರಲ್ಲಿ ಕೂಸು ಅಪ್ಪನ ಮುಖವನ್ನು ಒಂದೇ ಸಮ ನೋಡಿ, ತುಟಿ ಅಲುಗಿಸಿ, ತಾನೂ ನಾಲಿಗೆಯ ತುದಿ ಹೊರಗೆ ಹಾಕಿತು. ತಿಂಗಳೂ ತುಂಬದ ಕೂಸು. ದಾದಿ ಹೇಳಿದ್ದನ್ನು ಸುಮಾ ನಮಗೆ ಕನ್ನಡದಲ್ಲಿ ಹೇಳಿದಳು.

"ಕೂಸು ಓದೋ ಮೊದಲನೇ ಪುಸ್ತಕ ಮುಖ ಅಂತಣ್ಣ. ಹತ್ರ ಯಾರದು ಇರ್ತೈತೋ ಅದನ್ನ ಓದ್ತೈತಿ. ಎರಡು ಮುಖ ಇದ್ರ ಎರಡು ಪುಸ್ತಕ."

ನಾವು ಕೂಸೆಂದರೆ ಮಾತು ಬರುವವರೆಗೆ ಹಾಲು ಕುಡಿದು ಮಲಗುವ ಗಂಟು ಎಂದುಕೊಂಡವರು. ಮಾತು ಬಂದ ಮೇಲೆ, ಓಡಾಡಿದ ಮೇಲೆ, ಶಾಲೆಗೆ ಹೋದ ಮೇಲೆ ಅಪ್ಪನ ಕೆಲಸ, ಅದೂ ಗದರಿಸುವ ಕೆಲಸ. ಆ ಕೋಣೆಯಲ್ಲಿ ಕೂತು ನಾನು ದಾಕ್ಷಿಯ ಬಗ್ಗೆ ಯೋಚಿಸಿದೆ. ಅದು ತನ್ನ ಅಪ್ಪನ ಮುಖವನ್ನು ಕೆಳಗಿನಿಂದ ಮಾತ್ರ ನೋಡಿದೆ. ಮೊಣಕಾಲಿನ ಎತ್ತರದಿಂದ ನೋಡಿದರೆ ಯಾವ ಮುಖವಾದರೂ ಸಿಟ್ಟಾಗಿಯೇ ಕಾಣುತ್ತದೆ. ಮನೆಗೆ ಬರುತ್ತ ಸುಮಾಳನ್ನು ಕೇಳಿದೆ.

"ಎರಡು ವರ್ಷ ಆದ ಮ್ಯಾಲೆ ಶುರು ಮಾಡಿದ್ರ ಕೂಸಿಗೆ ತಿಳೀತೈತೇನು?"

ಅವಳು ಯಾರ ಕೂಸು ಎಂದು ಕೇಳಲಿಲ್ಲ. "ತಿಳೀತೈತಣ್ಣ. ಸ್ವಲ್ಪ ತಡ ಆಗ್ತೈತಿ. ಆದ್ರ ಎರಡು ವರ್ಷದ್ದನ್ನ ಆರು ವರ್ಷ ಮಾಡಬಾರ್ದು," ಎಂದಳು.

ಕಾಲಿನ ಕಲೆ

ಹಿಮ ಕರಗಿ ಬಿಸಿಲು ಬಂದ ದಿನ ಆ ಊರಿನವರೆಲ್ಲ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾರೆ. ನಾವು ಬಿಸಿಲಿನಿಂದ ಓಡುವವರು, ಅವರು ಬಿಸಿಲಿನ ಕಡೆಗೆ ಓಡುವವರು. ಸುಮಾ ಕಾಲುಚೀಲ ತೆಗೆದು ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದಳು. ನಾನು ಅವಳಿಗೆ ಹಾಲು ಕೊಡಲು ಹೋದಾಗ ಎಡಗಾಲಿನ ಅಂಗಾಲಿನ ಪಕ್ಕದ ಕಲೆ ಕಂಡಿತು. ಬಿಳಿ ಗೆರೆ, ನಮ್ಮ ಅಂಗಡಿಯ ನೇಗಿಲಿನ ಕುಡ ಎಳೆದ ಗೆರೆ.

ಅವಳಿಗೆ ಆಗ ನಾಲ್ಕು ವರ್ಷ. ಅಂಗಡಿಯೊಳಗೆ ಆಡುತ್ತ ಕಬ್ಬಿಣದ ಕುಡವನ್ನು ತುಳಿದಳು. ನಾನೇ ಬಸ್ಸಿನಲ್ಲಿ ಕೂಡ್ಲಿಗಿಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆ. ಕೊಟ್ಟೂರಿಗೆ ಮರಳಿ ಬಸ್ಸಿಳಿದು ಬಜಾರಿನ ತುಂಬ ಅವಳನ್ನು ಹೊತ್ತುಕೊಂಡೇ ಬಂದೆ. ನಾನು ನನ್ನ ಕೂಸನ್ನು ಹೊತ್ತದ್ದು ಅದೇ ಮೊದಲು. ಅವಳು ನನ್ನ ಕುತ್ತಿಗೆ ತಬ್ಬಿ, ಕಿವಿಯ ಹತ್ತಿರ ಮೂಗು ಇಟ್ಟು ಬಿಕ್ಕುತ್ತಿದ್ದಳು. ಆ ಭಾರ ನನಗೆ ಹಿತವಾಗಿತ್ತು ಎಂದು ಈ ವಯಸ್ಸಿನಲ್ಲಿ ಹೇಳಲು ಅಡ್ಡಿಯಿಲ್ಲ.

ಬಜಾರಿನ ತಿರುವಿನಲ್ಲಿ ಒಂದು ಬೇವಿನಮರ. ಅದನ್ನು ದಾಟಿದರೆ ನಮ್ಮ ಅಂಗಡಿಯ ಕಟ್ಟೆ ಕಾಣುತ್ತದೆ. ಕಟ್ಟೆಯ ಮೇಲೆ ನಮ್ಮಪ್ಪ ಕೂತಿದ್ದ. ಮರದ ಹಿಂದೆ ನಿಂತು ನಾನು ಸುಮಾಳನ್ನು ಕೆಳಗೆ ಇಳಿಸಿದೆ. "ನಡಿ" ಎಂದೆ. ಅವಳು ನನ್ನ ಧೋತರ ಹಿಡಿದು ಮತ್ತೆ ಹತ್ತಲು ನೋಡಿದಳು, ನಾನು ಕೈ ಬಿಡಿಸಿದೆ. ಅವಳು ಒಂದು ಕಾಲೂರಿ ಒಂದು ಎಳೆದುಕೊಂಡು ಬಜಾರಿನ ನಡುವೆ ಕುಂಟುತ್ತ ನಡೆದಳು. ನಾನು ಕೈ ಹಿಂದೆ ಕಟ್ಟಿಕೊಂಡು ಅವಳ ಹಿಂದೆ ಬಂದೆ. ಕಾಲಿನ ಪಟ್ಟಿ ರಕ್ತದಿಂದ ಕೆಂಪಾಯಿತು.

ನಮ್ಮಪ್ಪ ಕಟ್ಟೆಯಿಂದ ಇಳಿದು ಓಡಿಬಂದ. "ಯಾಕಲೇ, ಕಾಲು ಹಿಂಗ ಆದ ಕೂಸನ್ನ ನಡಿಸ್ಕೊಂಡು ಬಂದೀಯಲ್ಲ, ಕಲ್ಲೇನು ನಿನ್ನೆದಿ?" ಎಂದು ಬೈದು ತಾನೇ ಎತ್ತಿಕೊಂಡ. ಹೊತ್ತುಕೊಂಡೇ ಬಂದಿದ್ದರೆ ಅವನೇನೂ ಅನ್ನುತ್ತಿರಲಿಲ್ಲ ಎಂಬುದು ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಮುಂದೆ ನಾನು ಬದಲಾಗಲಿಲ್ಲ. ಶಿವುವನ್ನು ಒಮ್ಮೆಯೂ ಎತ್ತಲಿಲ್ಲ. ತಪ್ಪು ಎನ್ನುವುದಾದರೆ ಬೇವಿನಮರದ ಹತ್ತಿರ ಆದದ್ದಕ್ಕಿಂತ ಇದು ದೊಡ್ಡದು.

ಬಾಲ್ಕನಿಯಲ್ಲಿ ಇದನ್ನೆಲ್ಲ ಸುಮಾಳಿಗೆ ಹೇಳಿದೆ. ಹೇಳುವಾಗ ಅವಳ ಕಾಲನ್ನೇ ನೋಡುತ್ತಿದ್ದೆ. ಅವಳು ಹಾಲಿನ ಲೋಟ ಎರಡು ಕೈಯಲ್ಲಿ ಹಿಡಿದು ಬಗ್ಗಿ ಆ ಕಲೆಯನ್ನು ನೋಡಿದಳು.

"ನನಗ ಇಳಿಸಿದ್ದು ನೆನಪಿಲ್ಲಣ್ಣ," ಎಂದಳು. "ನೀನು ಹೊತ್ಕೊಂಡಿದ್ದು ನೆನಪೈತಿ. ನಿನ್ನ ಅಂಗಿ ಪುಂಡಿನಾರಿನ ಹಗ್ಗದ ವಾಸನಿ ಹೊಡೀತಿತ್ತು."

ಅವಳು ನಿಜ ಹೇಳಿದಳೋ, ನನ್ನ ಮುಖ ನೋಡಿ ಹೇಳಿದಳೋ ಗೊತ್ತಿಲ್ಲ. ಆಮೇಲೆ ಅವಳು ಹೇಳಿದ ಇನ್ನೊಂದು ಮಾತು ಮಾತ್ರ ನಿಜವೇ. "ಶಿವೂಗ ಅದೂ ನೆನಪಿಲ್ಲ. ಅವಗ ನೆನಪಿಟ್ಕೊಳ್ಳಾಕ ಏನೂ ಇಲ್ಲ."

ಪಕ್ಕದ ಮನೆಯ ಲಾರ್ಸ್

ಪಕ್ಕದ ಮನೆಯಲ್ಲಿ ಲಾರ್ಸ್ ಎಂಬ ಮುದುಕನಿದ್ದ, ರೈಲಿನ ಡ್ರೈವರ್ ಆಗಿದ್ದು ನಿವೃತ್ತನಾದವನು. ಅವನ ಮೊಮ್ಮಗಳಿಗೆ ದಾಕ್ಷಿಯದೇ ವಯಸ್ಸು. ಅವರಿಬ್ಬರೂ ಹೊರಗೆ ಹೊರಡುವುದನ್ನು ನೋಡುವುದೇ ನನಗೊಂದು ಕೆಲಸವಾಯಿತು. ಆ ಹುಡುಗಿ ಮೆಟ್ಟಿಲ ಮೇಲೆ ಕೂತು ತಾನೇ ಬೂಟು ಹಾಕಿಕೊಳ್ಳಬೇಕು. ಎಡಗಾಲಿನದು ಬಲಗಾಲಿಗೆ ಹೋಗುತ್ತದೆ, ಮತ್ತೆ ತೆಗೆಯುತ್ತಾಳೆ. ಲಾರ್ಸ್ ಪಕ್ಕದಲ್ಲಿ ಕೂತು ಛಾವಣಿ ನೋಡುತ್ತಾನೆ. ನಾನಾಗಿದ್ದರೆ ಎರಡು ಕಾಲನ್ನೂ ಹಿಡಿದು ತುರುಕಿ ಎದ್ದು ಹೋಗುತ್ತಿದ್ದೆ. ಅವರು ಮಕ್ಕಳಿಗೆ ಹೊಡೆಯುವುದಿಲ್ಲ, ಹೊಡೆಯುವುದು ಕಾನೂನಿಗೇ ವಿರುದ್ಧ. ಬೂಟು ಸರಿಯಾಗಿ ಹೋದಾಗ ಆ ಹುಡುಗಿ ಎದ್ದು ನಿಂತು ಸುತ್ತ ನೋಡುವ ಗತ್ತು, ಹೊಸ ಜೋಡೆತ್ತು ಕಟ್ಟಿದ ರೈತನ ಗತ್ತು.

ಇವರದು ಹುಟ್ಟಿನಿಂದ ಬಂದ ಗುಣ, ನಮಗೆ ಸಾಧ್ಯವಿಲ್ಲ ಎಂದು ನಾನು ಒಳಗೊಳಗೇ ತೀರ್ಮಾನಿಸಿಕೊಂಡು ಆರಾಮವಾಗಿದ್ದೆ. ಒಂದು ದಿನ ವೀರೇಶನ ಮೂಲಕ ಲಾರ್ಸನನ್ನು ಕೇಳಿದೆ, ನಿಮ್ಮಪ್ಪನೂ ನಿಮ್ಮನ್ನು ಹೀಗೆ ಸಾಕಿದರೇ ಎಂದು.

ಲಾರ್ಸ್ ಜೋರಾಗಿ ನಕ್ಕ. ಅವನ ಅಪ್ಪ ಮರ ಕಡಿಯುವವನಂತೆ. ಊಟದ ಮೇಜಿನಲ್ಲಿ ಮಕ್ಕಳು ಮಾತಾಡುವ ಹಾಗಿರಲಿಲ್ಲ, ಮಾತಾಡಿದರೆ ಬೆಲ್ಟು. ಎತ್ತಿಕೊಂಡದ್ದು ನೆನಪೇ ಇಲ್ಲ. ಲಾರ್ಸನೂ ತನ್ನ ಹಿರಿಮಗನನ್ನು ಎತ್ತಿಕೊಂಡವನಲ್ಲ, ಕಿರಿಮಗಳ ಹೊತ್ತಿಗೆ ಹೆಂಡತಿ ಕೆಲಸಕ್ಕೆ ಹೋಗತೊಡಗಿದಳು, ಕೈಗಳು ಕಲಿತವು.

"ಹಿರಿಮಗ ಈಗ ಹೆಂಗ ಅದಾನಂತ ಕೇಳು," ಎಂದೆ.

ವೀರೇಶ ಕೇಳಿದ. ಲಾರ್ಸ್ ಮೊಮ್ಮಗಳ ಟೋಪಿಯನ್ನು ಸರಿಮಾಡುತ್ತ ಚುಟುಕಾಗಿ ಏನೋ ಹೇಳಿದ.

"ಚಲೋ ಅದಾನಂತ್ರಿ. ಹಬ್ಬಕ್ಕ ಫೋನ್ ಮಾಡ್ತಾನಂತ."

ಇಬ್ಬರು ಮುದುಕರು ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತು ಆ ಹುಡುಗಿ ಎರಡನೆಯ ಬೂಟು ಹಾಕಿಕೊಳ್ಳುವುದನ್ನು ಕಾಯ್ದೆವು.

ಮತ್ತೆ ಕೊಟ್ಟೂರು

ಹೊರಡುವ ದಿನ ವೀರೇಶ ಕೂಸನ್ನು ನನ್ನ ತೋಳಿಗೆ ಕೊಟ್ಟ. ಅಜ್ಜನಿಗೆ ಯಾವ ಅಡ್ಡಿಯೂ ಇಲ್ಲವಲ್ಲ, ಎದೆಗೊತ್ತಿಕೊಂಡೆ. ಆದರೆ ಈ ಸಲ ಮನಸ್ಸು ಆ ಕೂಸಿನ ಮೇಲೆ ಪೂರ್ತಿ ಇರಲಿಲ್ಲ. ವಿಮಾನದಲ್ಲಿ ಗಂಗಮ್ಮ ಕೇಳಿದಳು.

"ಏನು ಲೆಕ್ಕ ಹಾಕಾಕ ಹತ್ತೀರಿ?"

"ಶಿವೂಗ ಹೆಂಗ ಹೇಳೋದು ಅಂತ."

"ಹೇಳಬ್ಯಾಡ್ರಿ. ಹೇಳಿದ್ರ ಅವ ನಿಮ್ಮ ಮಾತಿಗೆ ಅಂಜಿ ಎತ್ಕೊಳ್ತಾನ. ಬೇಕಾಗಿರೋದು ಅದಲ್ಲ." ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದಳು. "ನಾನೂ ನೋಡ್ಕೋತ ಸುಮ್ಮನಿದ್ದೆ. ನೀವು ಸುಮಾನ್ನ ಬೇವಿನಮರದ ಹತ್ರ ಇಳಿಸಿದ್ದು ತಿಳಿದ ಮ್ಯಾಲೂ ಸುಮ್ಮನಿದ್ದೆ. ಪಾಪ ಅರ್ಧ ನನ್ನದೂ ಐತಿ, ಎಲ್ಲಾ ನೀವ ಇಟ್ಕೋಬ್ಯಾಡ್ರಿ."

ಕೊಟ್ಟೂರಿನಲ್ಲಿ ಬಸ್ಸಿಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಶಿವು ಒಬ್ಬನೇ ದಾಕ್ಷಿಯ ಜೊತೆ ಬಂದಿದ್ದ, ಸೊಸೆ ಅಡುಗೆಯಲ್ಲಿದ್ದಳು. ಅವನು ನಮ್ಮ ಕಾಲಿಗೆ ಬಿದ್ದು ಪೆಟ್ಟಿಗೆಗೆ ಕೈ ಹಾಕಿದ. ದಾಕ್ಷಿ ಓಡಿ ಬಂದು ನನ್ನ ಧೋತರ ಹಿಡಿದು, ಎತ್ತಿಕೋ ಎಂದು ಎರಡೂ ತೋಳು ಮೇಲೆ ಮಾಡಿತು. ಬೂಟು ಎಲ್ಲಿಯೋ ಕಳಚಿ ಬರಿಗಾಲಲ್ಲಿತ್ತು, ನೆಲ ಸುಡುತ್ತಿತ್ತು, ಒಂದು ಕಾಲಿನ ಮೇಲೊಂದು ಕಾಲಿಟ್ಟು ಕುಣಿಯುತ್ತಿತ್ತು.

ನಾನು ಪೆಟ್ಟಿಗೆಯನ್ನು ಶಿವುವಿನ ಕೈಯಿಂದ ತೆಗೆದುಕೊಂಡೆ. "ಇದು ನನಗಿರಲಿ. ಕೂಸಿನ ಕಾಲು ಸುಡಾಕತ್ತೈತಿ, ಎತ್ಕೊ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ತಾಯಿಯ ಮುಖ ನೋಡಿದ. ಗಂಗಮ್ಮ ಬಾಳೆಹಣ್ಣಿನ ಬುಟ್ಟಿಯ ಹತ್ತಿರ ಏನೋ ಚೌಕಾಸಿ ಮಾಡುತ್ತ ನಿಂತಿದ್ದಳು. ಶಿವು ಬಗ್ಗಿ, ಅಂಗಡಿಯಲ್ಲಿ ಹಗ್ಗದ ಸುರುಳಿ ಎತ್ತುವ ಹಾಗೆ ಎರಡು ಕೈಯಿಂದ ದಾಕ್ಷಿಯನ್ನು ಎತ್ತಿದ. ಕೂಸು ಕಟ್ಟಿಗೆಯಂತೆ ಸೆಟೆದು ನನ್ನ ಕಡೆಗೇ ಕೈ ಚಾಚಿತು, ಅತ್ತಿತು. ನಾನು ಪೆಟ್ಟಿಗೆ ಹೊತ್ತುಕೊಂಡು ಮುಂದೆ ನಡೆದೆ. ತಿರುಗಿ ನೋಡಬೇಕೆನಿಸಿದರೂ ನೋಡಲಿಲ್ಲ.

ಬಜಾರಿನ ಅರ್ಧ ದಾಟುವ ಹೊತ್ತಿಗೆ ಹಿಂದಿನಿಂದ ಅಳು ನಿಂತಿತ್ತು. ಆಮೇಲೆ ಶಿವುವಿನ ದನಿ ಕೇಳಿತು, ಅಷ್ಟು ಮೆತ್ತಗಿನ ದನಿ ಅವನಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. "ಅದು ಎತ್ತಿನ ಗಾಡಿ. ಅದು ಮಂಡಕ್ಕಿ ಅಂಗಡಿ. ಬೇಕೇನು?"

ಬೇವಿನಮರದ ತಿರುವಿನಲ್ಲಿ ನಮ್ಮ ಅಂಗಡಿಯ ಕಟ್ಟೆ ಕಂಡಿತು. ಕಟ್ಟೆಯ ಮೇಲೆ ನನ್ನ ಓರಗೆಯ ಇಬ್ಬರು ಮೂವರು ಕೂತಿದ್ದರು. ಒಬ್ಬ ದೂರದಿಂದಲೇ ಕೂಗಿದ. "ಏನಲೇ ಶಿವ್ಯಾ, ಅಪ್ಪ ಪೆಟ್ಟಿಗಿ ಹೊತ್ತಾನ, ನೀನು ಮಗಳನ್ನ ಹೊತ್ತೀಯಲ್ಲ. ಪರದೇಶಕ್ಕ ಹೋಗಿದ್ದು ನೀನೋ ಅವನೋ?"

ಎಲ್ಲರೂ ನಕ್ಕರು. ಹಿಂದೆ ಚಪ್ಪಲಿಯ ಸದ್ದು ನಿಂತಿತು. ತಿರುಗಿದೆ. ಶಿವು ಮರದ ನೆರಳಿನಲ್ಲಿ ನಿಂತು, ಮುಖ ಕೆಂಪಾಗಿ, ಕೂಸನ್ನು ಕೆಳಗೆ ಬಿಡಲು ಮೊಣಕಾಲು ಬಗ್ಗಿಸುತ್ತಿದ್ದ. ದಾಕ್ಷಿ ಅವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದಿತ್ತು.

ನಾನು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅವನ ಹತ್ತಿರ ಹೋದೆ.

"ಇಳಿಸಬ್ಯಾಡಪಾ," ಎಂದೆ. "ಇಲ್ಲಿ ಇಳಿಸಬ್ಯಾಡ. ಮನಿತನಕ ಹೊತ್ಕೊಂಡು ನಡಿ."